ನೆಲೆಯಿಂದ ನೆಲೆಗೆ

ಒಂದು ಕಾಲದಲ್ಲಿ ಮೈಸೂರಿನಿಂದ ಮದರಾಸಿಗೆ ರೈಲಿನಲ್ಲಿ ಸರಕು ಸಾಗಿಸುವವರು ಬೆಂಗಳೂರಿನಲ್ಲಿ ಒಂದು ತೊಡಕನ್ನು ಎದುರಿಸಬೇಕಾಗಿತ್ತು. ಮೈಸೂರು–ಬೆಂಗಳೂರು ಮಾರ್ಗದಲ್ಲಿ ಎರಡು ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಬೆಂಗಳೂರು–ಮದರಾಸು ಮಾರ್ಗದಲ್ಲಿ ಅದು 1676 ಮಿಲಿಮೀಟರ್. ಮೊದಲನೆಯದು ಮೀಟರ್ ಗೇಜ್, ಎರಡನೆಯದು ಬ್ರಾಡ್ ಗೇಜ್. ಒಂದು ಹಳಿಯ ಮೇಲೆ ಸರಾಗವಾಗಿ ಓಡಿ ಬಂದ ಗಾಡಿಯು ಮತ್ತೊಂದರ ಮೇಲೆ ಒಂದು ಗಜ ದೂರವೂ ಸಾಗಲಾರದು. ಆದುದರಿಂದ ಸರಕನ್ನೆಲ್ಲ ಇಳಿಸಿ ಬೇರೆ ಗಾಡಿಗೆ ತುಂಬಬೇಕಾಗಿತ್ತು. ಗಾಡಿಯಲ್ಲಿ ದೋಷವಿರಲಿಲ್ಲ, ಹಳಿಯಲ್ಲಿಯೂ ದೋಷವಿರಲಿಲ್ಲ. ಒಂದಕ್ಕೊಂದು ಹೊಂದದಿದ್ದುದೇ ತೊಡಕಿನ ಮೂಲವಾಗಿತ್ತು.

ಇಂದಿನ ಸ್ಮಾರ್ಟ್‌ಫೋನುಗಳ ಜಗತ್ತಿನಲ್ಲಿಯೂ ಇಂತಹ ಎರಡು ಹಳಿಗಳಿವೆ. ಒಂದು, ಗೂಗಲ್ ಸಂಸ್ಥೆಯ ಆಂಡ್ರಾಯ್ಡ್. ಮತ್ತೊಂದು, ಆಪಲ್ ಸಂಸ್ಥೆಯ ಐಓಎಸ್. ಒಂದರಲ್ಲಿ ಕೆಲಸ ಮಾಡುವ ಆ್ಯಪ್ ಅನ್ನು ಹಾಗೆಯೇ ತೆಗೆದು ಮತ್ತೊಂದರಲ್ಲಿ ಇಟ್ಟರೆ ಅದು ಕದಲುವುದಿಲ್ಲ. ಒಂದು ನೆಲೆಯ ಆ್ಯಪ್ ಅನ್ನು ಮತ್ತೊಂದು ನೆಲೆಗೆ ಒಗ್ಗಿಸುವ ಕೆಲಸವನ್ನು ತಂತ್ರಜ್ಞರು 'ಪೋರ್ಟಿಂಗ್' ಎಂದು ಕರೆಯುತ್ತಾರೆ. ಈ ಕಾರ್ಯದಲ್ಲಿ ಎದುರಾಗುವ ಅಡೆತಡೆಗಳು ಎರಡು ಬಗೆಯವು. ಕೆಲವು ಯಂತ್ರದ ಸ್ವಭಾವದಿಂದಲೇ ಬಂದವು. ಇನ್ನು ಕೆಲವು ಮನುಷ್ಯರು ಬರೆದ ಕಟ್ಟುಪಾಡುಗಳಿಂದ ಬಂದವು. ಇವೆರಡರ ವ್ಯತ್ಯಾಸವನ್ನು ಅರಿಯದೆ ಈ ವಿಷಯವನ್ನು ಅರಿಯಲಾಗದು.

ಮೊದಲು ಯಂತ್ರದ ಸ್ವಭಾವವನ್ನು ನೋಡಬಹುದು. ಎರಡು ಬಗೆಯ ಫೋನುಗಳ ಒಳಗಿರುವ ಸಂಸ್ಕಾರಕಗಳು, ಅಂದರೆ ಲೆಕ್ಕಾಚಾರ ನಡೆಸುವ ಬಿಲ್ಲೆಗಳು, ಬಹುಮಟ್ಟಿಗೆ ಆರ್ಮ್ ಎಂಬ ಒಂದೇ ವಂಶಕ್ಕೆ ಸೇರಿದವು. ಹೀಗಿದ್ದರೂ ಆ್ಯಪ್‌ಗಳು ಅದಲುಬದಲಾಗುವುದಿಲ್ಲ. ಇದಕ್ಕೆ ಕಾರಣವೇನು? ಆ್ಯಪ್ ಎಂಬುದು ಒಂದು ಕ್ರಮವಿಧಿ. ಯಂತ್ರವು ಏನು ಮಾಡಬೇಕೆಂಬುದನ್ನು ಹಂತಹಂತವಾಗಿ ತಿಳಿಸುವ ಆದೇಶಗಳ ಮಾಲೆ. ಆದರೆ ಯಾವ ಆ್ಯಪ್ ಕೂಡ ಎಲ್ಲ ಕೆಲಸಗಳನ್ನೂ ತಾನೇ ಮಾಡುವುದಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿಸುವುದು, ಕ್ಯಾಮೆರಾ ತೆರೆಯುವುದು, ಇರುವ ಸ್ಥಳವನ್ನು ಗುರುತಿಸುವುದು, ಕಡತವನ್ನು ಕಾಪಾಡುವುದು ಇವೆಲ್ಲವನ್ನೂ ಅದು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿ ಮಾಡಿಸಿಕೊಳ್ಳುತ್ತದೆ. ಮನೆಯ ಯಜಮಾನನನ್ನು ಕೇಳಿ ಪಾತ್ರೆ, ನೀರು, ಸೌದೆ ಪಡೆದು ಅಡಿಗೆ ಮಾಡುವ ಬಾಣಸಿಗನಂತೆ ಅದರ ಸ್ಥಿತಿ. ಆಂಡ್ರಾಯ್ಡ್ ಮತ್ತು ಐಓಎಸ್ ಎಂಬ ಎರಡು ಮನೆಗಳಲ್ಲಿ ಪಾತ್ರೆಗಳ ಹೆಸರು ಬೇರೆ, ಅವುಗಳನ್ನು ಇಟ್ಟಿರುವ ಸ್ಥಳ ಬೇರೆ, ಕೇಳುವ ಭಾಷೆಯೂ ಬೇರೆ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಮೊದಲಿನಿಂದ ಜಾವಾ ಭಾಷೆಯಲ್ಲಿ ಬರೆಯುವ ರೂಢಿಯಿತ್ತು. 2017ರಲ್ಲಿ ಕಾಟ್ಲಿನ್ ಭಾಷೆಗೂ ಗೂಗಲ್ ಮನ್ನಣೆ ನೀಡಿತು. ಆಪಲ್‌ನ ನೆಲೆಯಲ್ಲಿ ಆಬ್ಜೆಕ್ಟಿವ್–ಸಿ ಭಾಷೆ ಬಳಕೆಯಲ್ಲಿತ್ತು. 2014ರಲ್ಲಿ ಸ್ವಿಫ್ಟ್ ಎಂಬ ಹೊಸ ಭಾಷೆ ಬಂದಿತು.

ಈ ತೊಡಕು ಹೊಸದಲ್ಲ. ಗಣಕಯಂತ್ರಗಳ ಆರಂಭದ ದಿನಗಳಲ್ಲಿ ಒಂದು ಯಂತ್ರಕ್ಕೆ ಬರೆದ ಕ್ರಮವಿಧಿಯು ಆ ಯಂತ್ರದೊಡನೆಯೇ ಮೂಲೆಗುಂಪಾಗುತ್ತಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು 1973ರಲ್ಲಿ 'ಸಿ' ಭಾಷೆಯಲ್ಲಿ ಮರಳಿ ಬರೆದರು. ಯಂತ್ರಕ್ಕೆ ಕಟ್ಟುಬೀಳದ ಭಾಷೆಯಲ್ಲಿ ಬರೆದ ಕಾರಣ ಅದನ್ನು ಬೇರೆ ಬೇರೆ ಯಂತ್ರಗಳಿಗೆ ಒಗ್ಗಿಸುವುದು ಸುಲಭವಾಯಿತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಜೇಮ್ಸ್ ಗಾಸ್ಲಿಂಗ್ ಅವರ ತಂಡ ರೂಪಿಸಿದ ಜಾವಾ ಭಾಷೆಯನ್ನು ಹೊರತಂದಾಗ, ಒಮ್ಮೆ ಬರೆದುದು ಎಲ್ಲೆಡೆಯೂ ಓಡಬೇಕೆಂಬುದೇ ಅದರ ಘೋಷವಾಗಿತ್ತು. ಗಣಕಶಾಸ್ತ್ರವು ಹೀಗೆ ದಶಕಗಳ ಕಾಲ ನೆಲೆಯ ಹಂಗು ತೊರೆಯುವ ದಾರಿಯನ್ನೇ ಅರಸುತ್ತ ಬಂದಿತು. ಆದರೆ ಸ್ಮಾರ್ಟ್‌ಫೋನ್ ಬಂದಾಗ ನೆಲೆಗಳು ಮತ್ತೆ ಬೇರೆಬೇರೆಯಾದವು.

ಆಪಲ್ ಸಂಸ್ಥೆಯು ಐಫೋನನ್ನು 2007ರಲ್ಲಿ ಮಾರಾಟಕ್ಕೆ ತಂದಿತು. ಹೊರಗಿನವರು ಅದಕ್ಕೆ ನೇರವಾಗಿ ಆ್ಯಪ್ ರಚಿಸಲು ಆಗ ಅವಕಾಶವಿರಲಿಲ್ಲ. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ಎಂಬ ಮಳಿಗೆ ಸುಮಾರು 500 ಆ್ಯಪ್‌ಗಳೊಡನೆ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತು. ಅದರೊಡನೆ ಆಂಡ್ರಾಯ್ಡ್ ಮಾರ್ಕೆಟ್ ಎಂಬ ಮಳಿಗೆಯೂ ಬಂದು, 2012ರಲ್ಲಿ ಗೂಗಲ್ ಪ್ಲೇ ಎಂಬ ಹೆಸರು ಪಡೆಯಿತು. ಅಂದಿನಿಂದ ಆ್ಯಪ್ ರಚಿಸುವ ಪ್ರತಿಯೊಬ್ಬರೂ ಮೊದಲು ಯಾವ ಮನೆಯ ಬಾಗಿಲನ್ನು ತಟ್ಟಬೇಕೆಂಬ ಪ್ರಶ್ನೆಯನ್ನು ಎದುರಿಸಬೇಕಾಯಿತು. ಛಾಯಾಚಿತ್ರಗಳನ್ನು ಹಂಚಿಕೊಳ್ಳುವ ಇನ್‌ಸ್ಟಾಗ್ರಾಮ್ 2010ರ ಅಕ್ಟೋಬರಿನಲ್ಲಿ ಐಫೋನಿಗೆ ಬಂದಿತು. ಅದೇ ಆ್ಯಪ್ ಆಂಡ್ರಾಯ್ಡ್‌ಗೆ ಬಂದುದು 2012ರ ಏಪ್ರಿಲ್‌ನಲ್ಲಿ. ನಡುವೆ ಒಂದೂವರೆ ವರ್ಷ ಕಳೆದಿತ್ತು.

ಒಂದು ಸರಳ ಉದಾಹರಣೆಯಿಂದ ಈ ಶ್ರಮದ ಸ್ವರೂಪ ತಿಳಿಯಬಹುದು. ಇಬ್ಬರು ಯುವಕರು ಆಂಡ್ರಾಯ್ಡ್ ಫೋನಿಗಾಗಿ ಒಂದು ಕನ್ನಡ ನಿಘಂಟಿನ ಆ್ಯಪ್ ರಚಿಸಿದ್ದಾರೆಂದು ಇಟ್ಟುಕೊಳ್ಳಬಹುದು. ಅದರಲ್ಲಿರುವ ಪದಗಳೂ ಅರ್ಥಗಳೂ ಎಲ್ಲಿಗೆ ಬೇಕಾದರೂ ಸಾಗಬಲ್ಲವು. ಏಕೆಂದರೆ ಅವು ಬರಿಯ ಮಾಹಿತಿ. ಪದವನ್ನು ಹುಡುಕುವ ಲೆಕ್ಕಾಚಾರದ ಕ್ರಮವೂ ಸಾಗಬಲ್ಲದು. ಅದನ್ನು ಹೊಸ ಭಾಷೆಯಲ್ಲಿ ಬರೆದರೆ ಸಾಕು. ಆದರೆ ಪರದೆಯ ವಿನ್ಯಾಸ, ಗುಂಡಿಗಳು, ಹಿಂದಿನ ಪುಟಕ್ಕೆ ಮರಳುವ ರೀತಿ, ಧ್ವನಿಯಿಂದ ಪದ ಗುರುತಿಸುವ ಸೌಲಭ್ಯ ಇವುಗಳನ್ನು ಹೊಸ ನೆಲೆಯ ಪದ್ಧತಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಐಫೋನುಗಳ ಮಾದರಿಗಳು ಎಣಿಕೆಗೆ ಸಿಗುತ್ತವೆ. ಆಂಡ್ರಾಯ್ಡ್ ಫೋನುಗಳನ್ನಾದರೋ ಹಲವಾರು ಕಂಪನಿಗಳು ಹಲವಾರು ಅಳತೆಗಳಲ್ಲಿ ತಯಾರಿಸುತ್ತವೆ. ಒಂದರಲ್ಲಿ ಸರಿಯಾಗಿ ಕಾಣುವ ಪುಟ ಇನ್ನೊಂದರಲ್ಲಿ ಅಂಚು ಮೀರಬಹುದು. ಆದುದರಿಂದ ಪರೀಕ್ಷೆಯ ಶ್ರಮವೇ ರಚನೆಯ ಶ್ರಮದಷ್ಟು ಆಗುವುದುಂಟು.

ಅಕ್ಷರಗಳ ವಿಷಯದಲ್ಲಿ ಕನ್ನಡಿಗರು ಈ ತೊಡಕನ್ನು ಕಣ್ಣಾರೆ ಕಂಡಿದ್ದಾರೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯು ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಗದಿಪಡಿಸಿದೆ. ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. 'ಶಾಸ್ತ್ರ' ಎಂಬ ಪದವನ್ನು ಬರೆಯುವಾಗ ತಕಾರ, ರಕಾರಗಳು ಒತ್ತುಗಳಾಗಿ ಸಕಾರದ ಬಳಿ ತಕ್ಕ ಸ್ಥಾನಗಳಲ್ಲಿ ಕುಳಿತುಕೊಳ್ಳಬೇಕು. ಈ ಜೋಡಣೆಯನ್ನು ಮಾಡುವುದು ಸಾಮಾನ್ಯವಾಗಿ ಆ್ಯಪ್ ಅಲ್ಲ, ಕಾರ್ಯಾಚರಣ ವ್ಯವಸ್ಥೆ. ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಈ ಬೆಂಬಲ ದೊರೆತುದು 2012ರಲ್ಲಿ ಬಂದ 4.1ನೆಯ ಆವೃತ್ತಿಯಿಂದ. ಅದಕ್ಕೆ ಹಿಂದಿನ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣಿಸಿಕೊಳ್ಳುವುದು, ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವುದು ಸಾಮಾನ್ಯವಾಗಿತ್ತು. ನಿಘಂಟು ಎಷ್ಟೇ ಶ್ರೇಷ್ಠವಾಗಿದ್ದರೂ ನೆಲೆಗೆ ಕನ್ನಡ ಬಾರದಿದ್ದರೆ ಪ್ರಯೋಜನವೇನು?

ಇಂತಹ ತೊಡಕುಗಳನ್ನು ದಾಟಲು ತಂತ್ರಜ್ಞರು ಮೂರು ದಾರಿಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು, ಪ್ರತಿ ನೆಲೆಗೂ ಆ್ಯಪ್ ಅನ್ನು ಪ್ರತ್ಯೇಕವಾಗಿ ಬರೆಯುವುದು. ಫಲ ಉತ್ತಮ, ಆದರೆ ವೆಚ್ಚ ಇಮ್ಮಡಿ. ಎರಡನೆಯದು, ಎರಡು ನೆಲೆಗಳಿಗೂ ಸಾಮಾನ್ಯವಾದ ಒಂದು ನಡುಪದರವನ್ನು ನಿರ್ಮಿಸುವುದು. ಫೇಸ್‌ಬುಕ್ ಸಂಸ್ಥೆಯು 2015ರಲ್ಲಿ ಹೊರತಂದ ರಿಯಾಕ್ಟ್ ನೇಟಿವ್, 2018ರ ಡಿಸೆಂಬರಿನಲ್ಲಿ ಗೂಗಲ್ ಮೊದಲ ಪೂರ್ಣ ಆವೃತ್ತಿಯಾಗಿ ನೀಡಿದ ಫ್ಲಟರ್ ಇವು ಈ ಬಗೆಯವು. ಇಲ್ಲಿ ಬಹುಪಾಲು ಕ್ರಮವಿಧಿಯನ್ನು ಒಮ್ಮೆ ಮಾತ್ರ ಬರೆದರೆ ಸಾಕಾಗುತ್ತದೆ. ಆದರೆ ನೆಲೆಯಲ್ಲಿ ಹೊಸ ಸೌಲಭ್ಯ ಬಂದಾಗ ನಡುಪದರವೂ ಅದನ್ನು ಕಲಿಯುವವರೆಗೆ ಕಾಯಬೇಕು. ಮೂರನೆಯದು, ಆ್ಯಪ್ ಅನ್ನು ಜಾಲತಾಣದ ರೂಪದಲ್ಲಿಯೇ ನೀಡುವುದು. ಬ್ರೌಸರ್ ಇರುವ ಯಾವ ಫೋನಿನಲ್ಲಿಯೂ ಅದು ತೆರೆಯುತ್ತದೆ; ಆದರೆ ಫೋನಿನ ಎಲ್ಲ ಅಂಗಾಂಗಗಳನ್ನೂ ಬಳಸುವ ಅಧಿಕಾರ ಅದಕ್ಕಿರುವುದಿಲ್ಲ.

ಆ್ಯಪ್‌ಗಳ ವಲಸೆ ನಿಂತುಹೋದರೆ ನೆಲೆಯೇ ಬರಡಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳಿವೆ. ಮೈಕ್ರೋಸಾಫ್ಟ್ ಸಂಸ್ಥೆಯು 2010ರಲ್ಲಿ ವಿಂಡೋಸ್ ಫೋನನ್ನು ತಂದಿತು. ಜನಪ್ರಿಯ ಆ್ಯಪ್‌ಗಳು ಅಲ್ಲಿಗೆ ತಡವಾಗಿ ಬಂದವು, ಇಲ್ಲವೇ ಬರಲೇ ಇಲ್ಲ. ಆಂಡ್ರಾಯ್ಡ್ ಮತ್ತು ಐಓಎಸ್ ಆ್ಯಪ್‌ಗಳನ್ನು ತನ್ನ ನೆಲೆಗೆ ಕರೆತರುವ ಸೇತುವೆಗಳನ್ನು ಕಟ್ಟುವುದಾಗಿ ಆ ಸಂಸ್ಥೆ 2015ರಲ್ಲಿ ಪ್ರಕಟಿಸಿತು. ಆದರೆ ಆಂಡ್ರಾಯ್ಡ್ ಸೇತುವೆಯ ಯೋಜನೆಯನ್ನು ಮರುವರ್ಷವೇ ಕೈಬಿಟ್ಟಿತು. 2020ರ ಜನವರಿಯಲ್ಲಿ ಅದರ ಫೋನ್ ವ್ಯವಸ್ಥೆಗೆ ಬೆಂಬಲವೂ ಕೊನೆಗೊಂಡಿತು. ಬ್ಲ್ಯಾಕ್‌ಬೆರಿ ಸಂಸ್ಥೆಯು 2013ರಲ್ಲಿ ತಂದ ಹೊಸ ಫೋನುಗಳಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳನ್ನು ಓಡಿಸುವ ಏರ್ಪಾಡಿತ್ತು. ಅದೂ ಆ ನೆಲೆಯನ್ನು ಉಳಿಸಲಿಲ್ಲ. ಜನರು ಹೆಚ್ಚಾಗಿರುವಲ್ಲಿಗೆ ರಚನಕಾರರು ಹೋಗುತ್ತಾರೆ. ಆ್ಯಪ್‌ಗಳು ಹೆಚ್ಚಾಗಿರುವಲ್ಲಿಗೆ ಜನರು ಹೋಗುತ್ತಾರೆ. ಈ ಚಕ್ರದ ಹೊರಗೆ ಉಳಿದವನಿಗೆ ಒಳಗೆ ಬರುವುದು ಬಹು ಕಷ್ಟ.

ಇದುವರೆಗೆ ಹೇಳಿದುದು ಹಳಿಯ ಅಂತರದ ಮಾತು. ಇನ್ನು ಸುಂಕದ ಕಟ್ಟೆಯ ಮಾತು. ತಾಂತ್ರಿಕ ತೊಡಕನ್ನು ಬುದ್ಧಿಬಲದಿಂದ ಗೆದ್ದವನನ್ನೂ ನೆಲೆಯ ಒಡೆಯನು ತಡೆದು ನಿಲ್ಲಿಸಬಲ್ಲನು. 2010ರಲ್ಲಿ ನಡೆದ ಘಟನೆಯೊಂದು ಇದಕ್ಕೆ ಸಾಕ್ಷಿ. ಅಡೋಬಿ ಸಂಸ್ಥೆಯ ಫ್ಲ್ಯಾಶ್ ತಂತ್ರದಲ್ಲಿ ರಚಿಸಿದ ಆಟಗಳನ್ನು ಐಫೋನಿನ ಆ್ಯಪ್‌ಗಳಾಗಿ ಪರಿವರ್ತಿಸುವ ಸಾಧನವೊಂದು ಆ ವರ್ಷದ ಏಪ್ರಿಲ್‌ನಲ್ಲಿ ಸಿದ್ಧವಾಗಿತ್ತು. ಅದು ಹೊರಬರುವ ಕೆಲವೇ ದಿನಗಳ ಮೊದಲು ಆಪಲ್ ತನ್ನ ಒಪ್ಪಂದಪತ್ರದಲ್ಲಿ ಒಂದು ಹೊಸ ನಿಬಂಧನೆಯನ್ನು ಸೇರಿಸಿತು. ಆ್ಯಪ್‌ಗಳನ್ನು ಮೂಲತಃ ತಾನು ಹೆಸರಿಸಿದ ಭಾಷೆಗಳಲ್ಲಿಯೇ ಬರೆದಿರಬೇಕು; ನಡುವೆ ಅನುವಾದಕ ಸಾಧನಗಳು ಇರಕೂಡದು ಎಂಬುದು ಅದರ ತಾತ್ಪರ್ಯ. ಅಂದರೆ ಆ್ಯಪ್ ಹೇಗಿದೆ ಎಂಬುದಷ್ಟೇ ಅಲ್ಲ, ಅದು ಯಾವ ಭಾಷೆಯಲ್ಲಿ ಹುಟ್ಟಿತು ಎಂಬುದೂ ವಿಚಾರಣೆಗೆ ಒಳಗಾಯಿತು.

ಆಪಲ್‌ನ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರು ಅದೇ ತಿಂಗಳು ಒಂದು ಬಹಿರಂಗ ಪತ್ರದಲ್ಲಿ ತಮ್ಮ ಕಾರಣಗಳನ್ನು ವಿವರಿಸಿದರು. ನಡುಪದರಗಳಿಂದ ಬಂದ ಆ್ಯಪ್‌ಗಳು ಕೀಳು ಗುಣಮಟ್ಟದವಾಗುತ್ತವೆ. ನೆಲೆಯ ಹೊಸ ಸೌಲಭ್ಯಗಳನ್ನು ರಚನಕಾರರು ಬಳಸಲು ನಡುಪದರದ ಒಡೆಯನ ಅನುಗ್ರಹಕ್ಕಾಗಿ ಕಾಯಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. ಫ್ಲ್ಯಾಶ್‌ನಿಂದ ವಿದ್ಯುತ್ಕೋಶ ಬೇಗ ಬರಿದಾಗುತ್ತದೆ, ಭದ್ರತೆ ಸಾಲದು ಎಂಬ ದೂರುಗಳೂ ಆ ಪತ್ರದಲ್ಲಿದ್ದವು. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ರಚನಕಾರರ ಆಕ್ಷೇಪದಲ್ಲಿಯೂ ಹುರುಳಿತ್ತು. ಆ್ಯಪ್ ಕೀಳಾಗಿದ್ದರೆ ಬಳಸುವವರೇ ಅದನ್ನು ತಿರಸ್ಕರಿಸುವರು. ಬಡಗಿಯ ಉಳಿಯನ್ನು ಗ್ರಾಹಕನು ಆರಿಸಬೇಕೇ ಎಂಬುದು ಅವರ ಪ್ರಶ್ನೆಯ ಸಾರ. 2010ರ ಸೆಪ್ಟೆಂಬರಿನಲ್ಲಿ ಆಪಲ್ ಆ ನಿಬಂಧನೆಯನ್ನು ಸಡಿಲಿಸಿತು. ಅಂದು ಆ ಬಾಗಿಲು ತೆರೆಯದಿದ್ದರೆ ಮುಂದೆ ಬಂದ ನಡುಪದರಗಳಿಗೆ ಐಫೋನಿನಲ್ಲಿ ಎಡೆಯಿರುತ್ತಿರಲಿಲ್ಲ.

ಉಳಿದ ಕಟ್ಟುಪಾಡುಗಳೂ ಕಡಿಮೆಯಲ್ಲ. ನಮೂದಿಸಿದ ನಿಘಂಟಿನ ಯುವಕರು ಐಫೋನಿಗೆ ಆ್ಯಪ್ ಸಿದ್ಧಪಡಿಸಬೇಕಾದರೆ ಆಪಲ್‌ನ ಎಕ್ಸ್‌ಕೋಡ್ ಎಂಬ ಸಾಧನ ಬೇಕು. ಅದು ಆಪಲ್‌ನದೇ ಆದ ಮ್ಯಾಕ್ ಗಣಕಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆ್ಯಪ್ ಸ್ಟೋರ್‌ನಲ್ಲಿ ಪ್ರಕಟಿಸಲು ವರ್ಷಕ್ಕೆ 99 ಡಾಲರ್ ಶುಲ್ಕ ತೆರಬೇಕು; ಗೂಗಲ್ ಪ್ಲೇಯಲ್ಲಿ 25 ಡಾಲರನ್ನು ಒಮ್ಮೆ ಕೊಟ್ಟರೆ ಸಾಕು. ಬಳಿಕ ಪರಿಶೀಲನೆ. ಅಲ್ಲಿ ತಿರಸ್ಕೃತವಾದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಆ್ಯಪ್ ಒಳಗೆ ಮಾರಾಟ ಮಾಡುವ ಡಿಜಿಟಲ್ ಸರಕಿನ ಮೇಲೆ ಎರಡು ಮಳಿಗೆಗಳೂ ಬಹುಕಾಲ ಶೇಕಡ 30ರಷ್ಟು ಪಾಲು ಪಡೆಯುತ್ತಿದ್ದವು. 2021ರಲ್ಲಿ ಸಣ್ಣ ರಚನಕಾರರಿಗೆ ಇದನ್ನು ಶೇಕಡ 15ಕ್ಕೆ ಇಳಿಸಲಾಯಿತು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯ ಅರ್ಥ ಇಂತಹ ಸಂದರ್ಭದಲ್ಲಿ ಸಣ್ಣ ರಚನಕಾರನಿಗೆ ಚೆನ್ನಾಗಿ ಮನದಟ್ಟಾಗುತ್ತದೆ.

ಉಚಿತವಾಗಿ ಹಂಚುವವರಿಗೂ ಅಡ್ಡಿ ತಪ್ಪಿದ್ದಲ್ಲ. ವಿಎಲ್‌ಸಿ ಎಂಬ ಪ್ರಸಿದ್ಧ ದೃಶ್ಯಮಾಧ್ಯಮ ತಂತ್ರಾಂಶವು ಮುಕ್ತ ಪರವಾನಗಿಯಡಿಯಲ್ಲಿ ಬರೆದದ್ದು. ಯಾರು ಬೇಕಾದರೂ ಅದನ್ನು ಪಡೆದು, ತಿದ್ದಿ, ಹಂಚಬಹುದು. ಆದರೆ ಆ್ಯಪ್ ಸ್ಟೋರ್‌ನ ಷರತ್ತುಗಳು ಆ ಸ್ವಾತಂತ್ರ್ಯದೊಡನೆ ಹೊಂದುವುದಿಲ್ಲವೆಂಬ ಆಕ್ಷೇಪ ಬಂದು 2011ರ ಜನವರಿಯಲ್ಲಿ ಅದನ್ನು ಅಲ್ಲಿಂದ ತೆಗೆಯಲಾಯಿತು. ಪರವಾನಗಿಯನ್ನು ಬದಲಾಯಿಸಿದ ಮೇಲೆ 2013ರಲ್ಲಿ ಅದು ಮರಳಿತು. ಬ್ರೌಸರ್‌ಗಳ ಕಥೆಯೂ ಇಂತಹುದೇ. ಐಫೋನಿನಲ್ಲಿ ಯಾವ ಹೆಸರಿನ ಬ್ರೌಸರ್ ಇದ್ದರೂ ಅದರೊಳಗಿನ ಯಂತ್ರ ಆಪಲ್‌ನ ವೆಬ್‌ಕಿಟ್ ಆಗಿರಬೇಕೆಂಬ ನಿಯಮ ಬಹುಕಾಲ ಎಲ್ಲೆಡೆ ಜಾರಿಯಲ್ಲಿತ್ತು. ಜಾಲತಾಣದ ರೂಪದ ಆ್ಯಪ್ ನೆಲೆಯ ಹಂಗಿಲ್ಲದ ದಾರಿಯೆಂದು ತೋರಿದರೂ, ಆ ದಾರಿಯ ಅಗಲವನ್ನು ನಿರ್ಧರಿಸುವವನು ನೆಲೆಯ ಒಡೆಯನೇ ಆಗಿದ್ದನು.

ಕಟ್ಟುಪಾಡುಗಳೆಲ್ಲ ಕೆಟ್ಟವೆಂದು ಇದರಿಂದ ತಿಳಿಯಬಾರದು. ಫೋನಿನಲ್ಲಿ ಜನರ ಬ್ಯಾಂಕ್ ವ್ಯವಹಾರ, ಖಾಸಗಿ ಚಿತ್ರ, ಸಂಭಾಷಣೆಗಳಿರುತ್ತವೆ. ಕಳ್ಳ ಆ್ಯಪ್ ಒಳನುಗ್ಗಿದರೆ ಹಾನಿ ಅಪಾರ. ಬಾಗಿಲಿಗೆ ಕಾವಲುಗಾರ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾವಲುಗಾರನೇ ಅಂಗಡಿಯವನೂ ಆಗಿ, ಸುಂಕ ವಸೂಲಿಯವನೂ ಆಗಿ, ಒಳಗೆ ಬರುವವರ ಪ್ರತಿಸ್ಪರ್ಧಿಯೂ ಆಗಿದ್ದರೆ, ಅವನು ಹಾಕುವ ನಿಯಮ ಮನೆಯ ರಕ್ಷಣೆಗೋ ಸ್ವಂತ ಲಾಭಕ್ಕೋ ಎಂಬ ಪ್ರಶ್ನೆ ಏಳುವುದು ಸಹಜ.

ಈ ಪ್ರಶ್ನೆಯೇ ನ್ಯಾಯಾಲಯಗಳ ಮುಂದೆ ಬಂದಿತು. 2020ರ ಆಗಸ್ಟ್‌ನಲ್ಲಿ ಎಪಿಕ್ ಗೇಮ್ಸ್ ಎಂಬ ಅಮೆರಿಕದ ಸಂಸ್ಥೆ ತನ್ನ ಫೋರ್ಟ್‌ನೈಟ್ ಆಟದಲ್ಲಿ ನೇರ ಹಣಪಾವತಿಯ ಮಾರ್ಗವನ್ನು ಸೇರಿಸಿತು. ಆಪಲ್, ಗೂಗಲ್ ಎರಡೂ ಅದೇ ದಿನ ಆ ಆಟವನ್ನು ತಮ್ಮ ಮಳಿಗೆಗಳಿಂದ ತೆಗೆದುಹಾಕಿದವು. ಎಪಿಕ್ ಎರಡರ ಮೇಲೂ ದಾವೆ ಹೂಡಿತು. ಆಪಲ್ ಮೊಕದ್ದಮೆಯ 2021ರ ತೀರ್ಪಿನಲ್ಲಿ ಬಹುಪಾಲು ಅಂಶಗಳು ಆಪಲ್ ಪರವಾಗಿದ್ದರೂ, ಬೇರೆ ಪಾವತಿ ಮಾರ್ಗಗಳನ್ನು ಬಳಕೆದಾರರಿಗೆ ತಿಳಿಸದಂತೆ ರಚನಕಾರರನ್ನು ತಡೆಯಬಾರದೆಂದು ನ್ಯಾಯಾಲಯ ಆಜ್ಞಾಪಿಸಿತು. ಗೂಗಲ್ ವಿರುದ್ಧದ ಮೊಕದ್ದಮೆಯಲ್ಲಿ 2023ರ ಡಿಸೆಂಬರಿನಲ್ಲಿ ಜ್ಯೂರಿ ಮಂಡಳಿಯು ಎಪಿಕ್ ಪರವಾಗಿ ನಿರ್ಣಯ ನೀಡಿತು. ಯೂರೋಪ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆ ಇಂತಹ ಬೃಹತ್ ಸಂಸ್ಥೆಗಳನ್ನು 'ದ್ವಾರಪಾಲಕರು' ಎಂಬ ಅರ್ಥದ ಹೆಸರಿನಿಂದಲೇ ಗುರುತಿಸುತ್ತದೆ. ಅದರ ಫಲವಾಗಿ 2024ರ ಮಾರ್ಚ್‌ನಿಂದ ಆ ದೇಶಗಳ ಐಫೋನುಗಳಲ್ಲಿ ಬೇರೆ ಆ್ಯಪ್ ಮಳಿಗೆಗಳಿಗೂ ಬೇರೆ ಬ್ರೌಸರ್ ಯಂತ್ರಗಳಿಗೂ ಅವಕಾಶ ದೊರೆಯಿತು.

ಭಾರತವೂ ಸುಮ್ಮನಿರಲಿಲ್ಲ. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಎರಡು ಆದೇಶಗಳನ್ನು ಹೊರಡಿಸಿತು. ಆಂಡ್ರಾಯ್ಡ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ, ಮಳಿಗೆಯ ಹಣಪಾವತಿ ನಿಯಮಗಳ ಪ್ರಕರಣದಲ್ಲಿ 936.44 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿ ನ್ಯಾಯಮಂಡಳಿಯು ಮೊದಲನೆಯ ದಂಡವನ್ನು 2023ರಲ್ಲಿ ಎತ್ತಿಹಿಡಿಯಿತು. ಎರಡನೆಯದನ್ನು 2025ರಲ್ಲಿ 216.69 ಕೋಟಿ ರೂಪಾಯಿಗೆ ಇಳಿಸಿತು. ಈ ನಡುವೆ 2024ರ ಮಾರ್ಚ್‌ನಲ್ಲಿ ಶುಲ್ಕದ ವಿವಾದದಿಂದಾಗಿ ಕೆಲವು ಭಾರತೀಯ ಸಂಸ್ಥೆಗಳ ಆ್ಯಪ್‌ಗಳು ಗೂಗಲ್ ಪ್ಲೇಯಿಂದ ಹೊರಬಿದ್ದು, ಸರ್ಕಾರ ಮಧ್ಯೆ ಪ್ರವೇಶಿಸಿದ ಬಳಿಕ ಕೆಲವೇ ದಿನಗಳಲ್ಲಿ ಮರಳಿದವು. ವರ್ಷಗಟ್ಟಲೆ ಕಟ್ಟಿದ ಉದ್ಯಮ ಒಂದು ದಿನದಲ್ಲಿ ಕಣ್ಮರೆಯಾಗಬಹುದೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಯಂತ್ರದ ಸ್ವಭಾವದಿಂದ ಬಂದ ತೊಡಕುಗಳನ್ನು ಕಲಿಕೆ ಮತ್ತು ಶ್ರಮಗಳಿಂದ ನಿವಾರಿಸಬೇಕು. ಅಲ್ಲಿ ದೂರಿನಿಂದ ಪ್ರಯೋಜನವಿಲ್ಲ. ಮನುಷ್ಯರು ಬರೆದ ಕಟ್ಟುಪಾಡುಗಳನ್ನು ಚರ್ಚೆ ಮತ್ತು ಕಾನೂನುಗಳಿಂದ ಪರಿಶೀಲಿಸಬೇಕು. ಅಲ್ಲಿ ಮೌನದಿಂದ ಪ್ರಯೋಜನವಿಲ್ಲ. ಒಂದು ನಿಯಮ ಎದುರಾದಾಗ ಅದು ಯಾರನ್ನು ಕಾಯುತ್ತದೆ, ಯಾರನ್ನು ತಡೆಯುತ್ತದೆ, ಅದನ್ನು ಪ್ರಶ್ನಿಸಲು ಎಡೆಯಿದೆಯೇ ಎಂದು ಕೇಳುವುದು ವಿವೇಕಿಗಳ ಲಕ್ಷಣ. ಫೋನನ್ನು ಹಣ ಕೊಟ್ಟು ಕೊಂಡವನು ಅದರಲ್ಲಿ ಏನನ್ನು ಇಟ್ಟುಕೊಳ್ಳಬಹುದೆಂಬುದು ಕೇವಲ ತಂತ್ರಜ್ಞರ ಸಮಸ್ಯೆಯಲ್ಲ. ಅದು ಆ್ಯಪ್ ರಚಿಸಿ ಬದುಕುವವರ ಅನ್ನದ ಪ್ರಶ್ನೆ; ತನ್ನ ಭಾಷೆಯ ನಿಘಂಟನ್ನು ಅಂಗೈಯಲ್ಲಿ ತೆರೆಯಬಯಸುವ ಓದುಗನ ಹಕ್ಕಿನ ಪ್ರಶ್ನೆಯೂ ಹೌದು.